ಸಹಾಯ ಬೇಕು: ಪಿಡಿಎಫ್‌ನಿಂದ ಲೇಟೆಕ್‌ನ ಸರಿಯಾದ ಸಾಲಿಗೆ ಹೋಗುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಮ್ಮ ಕಡೆಯ ತ್ರಿಪದಿಗಳನ್ನು ಸೇರಿಸಿ ಜೀಲೇಟೆಕ್‌ನಲ್ಲಿ (ಕೋಡ್ ಬರೆದು ಪುಟ ಜೋಡಿಸುವ ಲೇಟೆಕ್‌ನ ಒಂದು ರೂಪ) ಪುಸ್ತಕ ಮಾಡುತ್ತಿದ್ದೇನೆ. ಲಿನಕ್ಸ್, ಕೋಡ್ ಬರೆಯೋಕೆ ಟೆಕ್‌ಸ್ಟುಡಿಯೋ, ಪಿಡಿಎಫ್ ನೋಡೋಕೆ ಆಕ್ಯುಲರ್. ಪಿಡಿಎಫ್‌ನ ಜಾಗವನ್ನು ಕೋಡ್‌ನ ಸಾಲಿಗೆ ಜೋಡಿಸುವ ಸಿಂಕ್‌ಟೆಕ್ಸ್ ಆನ್ ಇದೆ, ಪಿಡಿಎಫ್ ಪಕ್ಕದಲ್ಲೇ ಅದರ ಫೈಲೂ ಬರುತ್ತಿದೆ. ಆಕ್ಯುಲರ್‌ನ ಎಡಿಟರ್ ಸೆಟ್ಟಿಂಗ್ ಕೂಡ ಸರಿಯಿದೆ.

ಮಾಮೂಲಿ ಪ್ಯಾರಾಗಳಲ್ಲಿ ತೊಂದರೆ ಇಲ್ಲ. ಶಿಫ್ಟ್ ಒತ್ತಿ ಕ್ಲಿಕ್ ಮಾಡಿದರೆ ಕೋಡ್‌ನಲ್ಲಿ ಅದೇ ಜಾಗಕ್ಕೆ ಹೋಗುತ್ತದೆ. ಆದರೆ ಪದ್ಯ ಮತ್ತು ಅದರ ಅರ್ಥವನ್ನು ಅಕ್ಕಪಕ್ಕ ಇಡಲು ಟ್ಯಾಬ್ಯುಲರ್‌ಎಕ್ಸ್ ಎಂಬ ಟೇಬಲ್ ಪ್ಯಾಕೇಜ್ ಬಳಸಿದ್ದೇನೆ. ಅಲ್ಲಿ ಯಾವ ಸಾಲನ್ನು ಒತ್ತಿದರೂ ಕರ್ಸರ್ ಟೇಬಲ್‌ನ ಕೊನೆಗೆ, ಅಂದರೆ ಎಂಡ್ ಇರುವ ಸಾಲಿಗೇ ಹೋಗಿ ನಿಲ್ಲುತ್ತದೆ. ಉದ್ದದ ಅಡಿಟಿಪ್ಪಣಿಗಳಲ್ಲೂ ಹೀಗೇ.

ಕಾರಣ ಗೊತ್ತಿದೆ. ಟ್ಯಾಬ್ಯುಲರ್‌ಎಕ್ಸ್ ಒಳಗಿನದ್ದನ್ನೆಲ್ಲ ಮೊದಲು ಒಟ್ಟಿಗೆ ಓದಿಕೊಂಡು, ಆಮೇಲೆ ಜೋಡಿಸುತ್ತದೆ. ಅಷ್ಟರಲ್ಲಿ ಲೇಟೆಕ್‌ನ ಮೂಲ ಎಂಜಿನ್ ಆದ ಟೆಕ್ ಕೊನೆಯ ಸಾಲು ತಲುಪಿರುತ್ತದೆ. ಸಿಂಕ್‌ಟೆಕ್ಸ್ ಆ ಸಾಲಿನ ನಂಬರನ್ನೇ ಬರೆದಿಡುತ್ತದೆ, ಅಲ್ವಾ? ಒಂದೊಂದು ಟೇಬಲ್‌ನಲ್ಲಿ ಹತ್ತಾರು ಪದ್ಯಗಳಿವೆ. ಕರಡು ತಿದ್ದುವವರು ಪಿಡಿಎಫ್‌ನಲ್ಲಿ ಗುರುತು ಹಾಕಿ ಕೊಡುತ್ತಾರೆ, ನಾನು ಮೇಲೆ ಕೆಳಗೆ ಹುಡುಕುತ್ತಾ ಕೂರಬೇಕು. ಒಂದು ದೀರ್ಘವೂ ತಪ್ಪಬಾರದು ಅನ್ನುವ ಪುಸ್ತಕ ಇದು.

ಟೇಬಲ್ ಬಿಟ್ಟು ಎರಡು ಮಿನಿಪೇಜ್ (ಪುಟದೊಳಗಿನ ಚಿಕ್ಕ ಚೌಕಟ್ಟು) ಇಟ್ಟರೆ ಸಾಲಿನ ನಂಬರ್ ಸರಿ ಬರುತ್ತದೆ. ಆದರೆ ಪುಟ ಮುಗಿದಲ್ಲಿ ಮಿನಿಪೇಜ್ ಒಡೆಯುವುದಿಲ್ಲ, ಉದ್ದದ ಅರ್ಥವಿವರಣೆಗೆ ಅದು ಆಗದು. ಅಕ್ಕಪಕ್ಕದ ಕಾಲಂಗಳಿಗೆಂದೇ ಇರುವ ಪ್ಯಾರಕಾಲ್ ಪ್ಯಾಕೇಜನ್ನು ಕನ್ನಡ ಪಠ್ಯಕ್ಕೆ ಬಳಸಿದವರು ಇದ್ದೀರಾ? ಅದರಲ್ಲಿ ಕ್ಲಿಕ್ ಸರಿಯಾದ ಸಾಲಿಗೆ ಹೋಗುತ್ತದೆಯೇ? ಬೇರೆ ದಾರಿ ಇದ್ದರೂ ತಿಳಿಸಿ. ಚಿಕ್ಕದೊಂದು ಮಾದರಿ ಫೈಲ್ ಕೊಟ್ಟರೆ ತುಂಬಾ ಉಪಕಾರ.