ತುರ್ತು: ‘ವೀಕ್‌ಡೇ ಲಂಚ್’ಗೆ ಬೋರ್ಡಿನಲ್ಲಿ ಏನು ಬರೆಯಲಿ?

ತುಮಕೂರಿನಿಂದ:

ಎಲ್ಲರಿಗೂ ನಮಸ್ಕಾರ. ಬಿ.ಎಚ್. ರಸ್ತೆಯಲ್ಲಿ ನನ್ನದು ಬೋರ್ಡ್ ಬರೆಯುವ ಅಂಗಡಿ. ಬೆಂಗಳೂರಿನ ಒಂದು ಪ್ಯಾನ್ ಏಷ್ಯನ್ (ಅಂದರೆ ಚೀನಾ, ಜಪಾನ್, ವಿಯೆಟ್ನಾಂ ಎಲ್ಲ ಕಡೆಯ ಅಡುಗೆಯ) ಹೋಟೆಲಿನವರು ಕೆಲಸ ಕೊಟ್ಟಿದ್ದಾರೆ. ನಾಮಫಲಕದಲ್ಲಿ ಶೇ. 60 ಕನ್ನಡ ಇರಬೇಕು ಅಂತ 2024ರಲ್ಲಿ ಕಾನೂನು ಬಂತಲ್ಲ, ಅದನ್ನು ಮಾಡಿಸುವಾಗಲೇ ಬಾಗಿಲ ಮುಂದೆ ನಿಲ್ಲಿಸುವ ಊಟದ ಹಲಗೆಯನ್ನೂ ಕನ್ನಡದಲ್ಲಿ ಬರೆದುಕೊಡಿ ಅಂದರು. ಸೋಮವಾರದಿಂದ ಶುಕ್ರವಾರ, 12ರಿಂದ 3, ರಾತ್ರಿಗಿಂತ ಕಡಿಮೆ ಬೆಲೆ, ಒಂದು ತಟ್ಟೆಗೆ 650 ರೂಪಾಯಿ. ಸುತ್ತಲಿನ ಆಫೀಸಿನವರು ಕುತ್ತಿಗೆಯಲ್ಲಿ ಐಡಿ ಕಾರ್ಡ್ ನೇತಾಡಿಸಿಕೊಂಡೇ ಬಂದು ಗಬಗಬ ತಿಂದು ಹೋಗುತ್ತಾರೆ. ‘ವಾರದ ದಿನದ ಊಟ’ ಅಂತ ಸೀಮೆಸುಣ್ಣದಲ್ಲಿ ಗುರುತು ಹಾಕಿಟ್ಟಿದ್ದೇನೆ. ಕೆಳಗೆ ಚಿಕನ್ ಡಂಪ್ಲಿಂಗ್, ಪೋರ್ಕ್ ಬಾವೊ, ಬೆಂಟೊ, ಫೋ. ಇವಕ್ಕೆ ಕನ್ನಡ ಬೇಕಾ, ಹಾಗೇ ಬಿಡಲಾ? ಸಂಜೆ ಬಣ್ಣ ಹಚ್ಚಬೇಕು. ದಯವಿಟ್ಟು ಜಗಳ ಬೇಡ, ಪದ ಕೊಡಿ.

ಕೋಲಾರದಿಂದ:

‘ಗೆಯ್ದಿನದ ನಡುಹಗಲೂಟ’. ಗೆಯ್ಮೆ ಅಂದರೆ ಕೆಲಸ, ಗೆಯ್ಮೆಯ ದಿನ ಗೆಯ್ದಿನ. ‘ಮಧ್ಯಾಹ್ನ’ ಅಂತ ಮಾತ್ರ ಬರೆಯಬೇಡಿ, ಆ ‘ಹ್ನ’ ಕನ್ನಡಿಗರ ಬಾಯಲ್ಲಿ ಯಾವತ್ತೂ ಸರಿಯಾಗಿ ಹೊರಟಿಲ್ಲ.

ಚಿಂತಾಮಣಿಯಿಂದ:

‘ದಿನ’ವೂ ಸಂಸ್ಕೃತವೇ, ಅದು ಯಾವ ಊರಿನ ಅಚ್ಚಗನ್ನಡ ಸ್ವಾಮಿ? ಮುಂದೆ.

ಕೇಳಿದವರಿಗೆ: ‘ವಾರದ ದಿನ’ ಬೇಡವೇ ಬೇಡ. ನಮ್ಮ ಕಡೆ ‘ಇವತ್ತು ವಾರ’ ಅಂದರೆ ಮನೆದೇವರ ದಿನ. ತಲೆಗೆ ನೀರು ಹಾಕಿಕೊಳ್ಳಬೇಕು, ಮಾಂಸ ಮುಟ್ಟೋ ಹಾಗಿಲ್ಲ. ಕೆಲವರಿಗೆ ಸೋಮವಾರ, ಕೆಲವರಿಗೆ ಶನಿವಾರ. ನೆಂಟರು ಬಂದರೆ ‘ವಾರ ಮಾಡ್ತೀರಾ?’ ಅಂತ ಕೇಳಿಯೇ ಕೋಳಿ ಕುಯ್ಯೋದು. ನೀವು ಮೇಲೆ ‘ವಾರದ ದಿನದ ಊಟ’ ಅಂತ ಹಾಕಿ ಕೆಳಗೆ ಹಂದಿ ಮಾಂಸ ಬರೆದರೆ ನಮ್ಮಜ್ಜಿ ಹಲಗೆಗೇ ಕೈಮುಗಿದು ಹೋಗುತ್ತಿದ್ದಳು. ಸಂಸ್ಕೃತದ ‘ವಾರ’ಕ್ಕೆ ಸರದಿ ಅನ್ನೋ ಅರ್ಥ ಇದೆ. ಸೋಮನ ಸರದಿ, ಮಂಗಳನ ಸರದಿ. ಹಾಗಾಗಿ ಒಂದು ದಿನವೂ ವಾರವೇ, ಏಳು ದಿನವೂ ವಾರವೇ. ಇಂಗ್ಲಿಷಿನ ವೀಕ್‌ಡೇ ಭಾನುವಾರವನ್ನು ಹೊರಗಿಡುತ್ತದೆ. ನಮ್ಮ ವಾರ ಯಾರನ್ನೂ ಹೊರಗಿಡಲ್ಲ.

ತಿಪಟೂರಿನಿಂದ:

ಇನ್ನೊಂದು ತೊಡಕೂ ಇದೆ. ನಮ್ಮ ತಾತ ವಾರಾನ್ನ ಉಂಡು ಓದಿದವರು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ, ಗುರುವಾರಕ್ಕೆ ಮನೆ ಸಿಗದ ವರ್ಷ ಗುರುವಾರ ನೀರೇ ಗತಿ. ‘ವಾರದ ಊಟ’ ಅಂದರೆ ಅವರ ಕಾಲದವರಿಗೆ ಅದೇ. ಕಾಸಿಲ್ಲದ ಊಟಕ್ಕೆ ಇದ್ದ ಹೆಸರನ್ನು 650 ರೂಪಾಯಿ ತಟ್ಟೆಗೆ ಇಡಬೇಡಿ.

ಕೋಲಾರದಿಂದ:

ದಿನ ತಪ್ಪಾಯಿತು, ಒಪ್ಪಿದೆ. ದಿನಕ್ಕೆ ಹಳಗನ್ನಡದ ‘ನಾಳ್’ ಇದೆಯಲ್ಲ. ‘ಗೆಯ್ನಾಳು’ ಮಾಡಿ.

ಚಿಂತಾಮಣಿಯಿಂದ:

ಗೆಯ್ಯೋ ಆಳು ಅಂತ ಓದುತ್ತಾರೆ. ಬಿಡಿ.

ಮುಳಬಾಗಿಲಿನಿಂದ:

ತಲೆಬರಹ ಆಮೇಲೆ ನೋಡಿಕೊಳ್ಳಿ, ತಿಂಡಿ ಸಾಲುಗಳಲ್ಲೇ ಅಪಾಯ ಜಾಸ್ತಿ. ‘ಬಾವೊ’ ಅಂತ ಬರೆದರೆ ಅರ್ಧ ಜನ ‘ಬಾವು’ ಅಂತ ಓದುತ್ತಾರೆ. ಆ ಬನ್ನು ನೋಡೋದಕ್ಕೂ ಊದಿಕೊಂಡ ಹಾಗೇ ಇರುತ್ತದೆ. ‘ಹಂದಿ ಬಾವು’ ತಿನ್ನೋರು ಯಾರು? ಇನ್ನು ಫೋ. ಅದು ವಿಯೆಟ್ನಾಂನ ಸಾರು, ಒಳಗೆ ಅಕ್ಕಿ ಶಾವಿಗೆ. ನಮ್ಮ ಗಡಿ ಕಡೆ ಮನೆಯಲ್ಲಿ ತೆಲುಗು ಆಡುತ್ತಾರೆ, ‘ಪೋ’ ಅಂದರೆ ತೊಲಗು ಅಂತ. ಬಾಗಿಲಲ್ಲೇ ಗಿರಾಕಿಗೆ ಪೋ ಅನ್ನೋ ಹೋಟೆಲು! ‘ಶಾವಿಗೆ ಸಾರು’ ಅಂತ ಬರೆದು ಮುಗಿಸಿ. ಡಂಪ್ಲಿಂಗ್ ಅಂದರೆ ಕಡುಬು, ಇದರಲ್ಲಿ ಕೇಳೋದೇನಿದೆ?

ತಿಪಟೂರಿನಿಂದ:

ಕೇಳೋದಿದೆ. ಮಲೆನಾಡಿನವರಿಗೆ ಕಡುಬು ಅಂದರೆ ಬರೀ ಅಕ್ಕಿತರಿಯ ಉಂಡೆ, ಒಳಗೆ ಏನೂ ಇರಲ್ಲ. ನಮಗೆ ಗೌರಿ ಗಣೇಶಕ್ಕೆ ಮಾಡೋ ಹೂರಣದ್ದು. ಚೀನಾದವರದ್ದು ನಮ್ಮ ಕಡುಬಿಗೇ ಹತ್ತಿರ, ಬೆಲ್ಲ ಕಾಯಿತುರಿ ಬದಲು ಕೋಳಿ, ಅಷ್ಟೇ. ಆದರೆ ‘ಕೋಳಿ ಕಡುಬು’ ಅಂತ ಬಿಡಿಸಿ ಬರೆಯೋದು ತಪ್ಪು. ಕರಿಗಡುಬು ಇದ್ದ ಹಾಗೆ ಕೋಳಿಗಡುಬು. ಆದೇಶ ಸಂಧಿ ಮಾಡದವರು ಬೋರ್ಡ್ ಬರೆಯಬಾರದು. ಬೆಂಟೊ ಅಂದರೆ ಜಪಾನಿನವರ ಡಬ್ಬಿ ಊಟ, ಅದಕ್ಕೆ ‘ಬುತ್ತಿ’ ಸಾಕು.

ಚಿಂತಾಮಣಿಯಿಂದ:

ಬುತ್ತಿ ಕಟ್ಟಿಕೊಂಡು ಹೋಗೋದು. ಅಲ್ಲೇ ಕೂತು ತಿಂದರೆ ಅದೆಂಥ ಬುತ್ತಿ? ಸುಮ್ನೆ ಬೆಂಟೊ ಅನ್ನಿ. ಎಲ್ಲದಕ್ಕೂ ಹೆಸರಿಡುವ ಚಟ ಯಾಕೆ?

ಕೋಲಾರದಿಂದ:

ಚಟ ಅಲ್ಲ, ರೂಢಿ. ಮೆಣಸಿನಕಾಯಿ ಪೋರ್ಚುಗೀಸರ ಹಡಗಿನಲ್ಲಿ ಬಂತು. ಅವರು ಏನಂತ ಕರೀತಾರೆ ಅಂತ ನಮ್ಮವರು ಕೇಳಲೇ ಇಲ್ಲ. ಮೆಣಸಿನ ಹಾಗೆ ಖಾರ, ನೋಡಿದರೆ ಕಾಯಿ, ಆಯಿತು. ಅಮೆರಿಕದ ಜೋಳ ಬಂತು, ಸಿಪ್ಪೆ ಹೊದ್ದುಕೊಂಡಿತ್ತು, ಮುಸುಕಿನ ಜೋಳ ಅಂದರು. ಹೊಸ ವಸ್ತುವಿಗೆ ಹೀಗೆ ಹೆಸರಿಡುವ ಧೈರ್ಯ ಈಗ ಹೋಗಿದೆ. ಎರವಲು ತಂದು ತಂದು ನಾಲಿಗೆಗೆ ಸೋಮಾರಿತನ ಬಂದಿದೆ.

ಮುಳಬಾಗಿಲಿನಿಂದ:

ನಿಮ್ಮೂರ ಎಪಿಎಂಸಿಯಲ್ಲೇ ಲಾರಿಗಟ್ಟಲೆ ಟೊಮೇಟೊ ಹರಾಜಾಗುತ್ತದಲ್ಲ, ಆ ಹೆಸರು ಮೆಕ್ಸಿಕೋದ ನಹುವಾ ಜನರದ್ದು, ಸ್ಪೇನಿನವರ ಬಾಯಿಂದ ಸುತ್ತಿಕೊಂಡು ಬಂದದ್ದು. ಕ್ರೇಟು ಹೊರೋ ಯಾರ ನಾಲಿಗೆಯೂ ಸೋಮಾರಿ ಆಗಿಲ್ಲ. ಗೋಬಿ ಮಂಚೂರಿ ನೋಡಿ. ಹೂಕೋಸು ಅನ್ನೋ ಪದ ಎಲ್ಲರಿಗೂ ಗೊತ್ತು, ಆದರೂ ಯಾವ ಗಾಡಿಯ ಮೇಲೂ ‘ಹೂಕೋಸು ಮಂಚೂರಿ’ ಅಂತ ಇಲ್ಲ. ಗೋಬಿ ಹಿಂದಿಯಿಂದ ತಂದೆವು, ಮಂಚೂರಿಯನ್ನಿನ ಬಾಲ ನಾವೇ ಕತ್ತರಿಸಿದೆವು. 2024ರಲ್ಲಿ ಸರ್ಕಾರ ಅದರ ಕೃತಕ ಬಣ್ಣ ನಿಷೇಧಿಸಿತು, ಹೆಸರಿಗೆ ಕೈ ಹಾಕಲಿಲ್ಲ. ಮುಸುಕಿನ ಜೋಳ ಹೊಲದಲ್ಲಿ ಹುಟ್ಟಿದ ಪದ. ನಿಮ್ಮ ಗೆಯ್ನಾಳು ಹುಟ್ಟಿದ್ದು ಮೇಜಿನ ಮೇಲೆ.

ಕೋಲಾರದಿಂದ:

‘ಮೇಜು’ ಪಾರಸಿ.

ತುಮಕೂರಿನಿಂದ, ರಾತ್ರಿ:

ನೀವು ಮಾತಾಡುತ್ತಿರುವಾಗಲೇ ಬಣ್ಣ ಒಣಗಿತು. ‘ಸೋಮವಾರದಿಂದ ಶುಕ್ರವಾರ, ಮಧ್ಯಾಹ್ನದ ಊಟ’ ಅಂತ ಬರೆದೆ, ವಾರಾನ್ನವೂ ಇಲ್ಲ, ಮನೆದೇವರೂ ಇಲ್ಲ. ಉದ್ದ ಆಯಿತು, ಆದರೆ ಯಾರಿಗೂ ಗೊಂದಲ ಆಗಲ್ಲ. ಕೋಳಿಗಡುಬು ಸಂಧಿ ಮಾಡಿಯೇ ಬರೆದೆ, ಒಂದಕ್ಷರದ ಜಾಗವೂ ಉಳಿಯಿತು. ಬಾವೊ ಪಕ್ಕದಲ್ಲಿ ‘ಬನ್’ ಸೇರಿಸಿದ್ದೇನೆ. ಶಾವಿಗೆ ಸಾರು ಓಕೆ ಆಯಿತು. ಬುತ್ತಿ ಮಾತ್ರ ನಿಲ್ಲಲಿಲ್ಲ. ಫೋಟೊ ಕಳಿಸಿದ ತಕ್ಷಣ ಫೋನ್ ಬಂತು, ಜನ ಬೆಂಟೊ ಅಂತಲೇ ಕೇಳಿಕೊಂಡು ಬರೋದು, ಒರೆಸಿ ಅಂದರು. ಒರೆಸಿದೆ.

ಈಗ ನಾಮಫಲಕದ್ದು ಬಾಕಿ. ‘ಪಾನ್ ಏಷ್ಯನ್’ ಅಂತ ತಾತ್ಕಾಲಿಕವಾಗಿ ಒಂದು ಬ್ಯಾನರ್ ಕಟ್ಟಿದ್ದರಂತೆ, ಊಟ ಮುಗಿಸಿದವರು ಇಬ್ಬರು ಬಂದು ಮೀಠಾ ಪಾನ್ ಇದೆಯಾ ಅಂತ ವಿಚಾರಿಸಿದರಂತೆ. ಇದಕ್ಕೆ ನಾಳೆ ಬೆಳಿಗ್ಗೆ ಹತ್ತರವರೆಗೆ ಟೈಮಿದೆ. ಕೋಲಾರದವರು ಸ್ವಲ್ಪ ತಡೆದು ಬರೆದರೆ ಉಪಕಾರ.