ಬ್ರಾಕೆಟ್‌ನಲ್ಲಿ 12 ಅಂತ ಹೊಡೆದರೆ ಮೈನಸ್ 12 ಆಗ್ತಿದೆ, ಯಾಕೆ?

ಕೋಲಾರ_ಲೆಕ್ಕ:
ಎಲ್ಲರಿಗೂ ನಮಸ್ಕಾರ. ಕೋಲಾರದಲ್ಲಿ ಒಂದು ಟೊಮೆಟೊ ಮಂಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಈಗ ಪುಸ್ತಕ ಬಿಟ್ಟು ಎಕ್ಸೆಲ್‌ಗೆ ಬಂದಿದ್ದೇವೆ. ಪುಸ್ತಕದಲ್ಲಿ ನಮ್ಮದೊಂದು ರೂಢಿ ಇತ್ತು. ರೈತರು ತಂದ ತುಂಬಿದ ಬಾಕ್ಸ್ ಎಷ್ಟು ಅಂತ ಬರೆದು, ಅವರು ವಾಪಸ್ ತೆಗೆದುಕೊಂಡು ಹೋದ ಖಾಲಿ ಬಾಕ್ಸ್ ಎಷ್ಟು ಅನ್ನೋದನ್ನ ಪಕ್ಕದಲ್ಲೇ ಬ್ರಾಕೆಟ್ ಹಾಕಿ ಬರೆಯುತ್ತಿದ್ದೆವು. ಎಕ್ಸೆಲ್‌ನಲ್ಲೂ ಖಾಲಿ ಬಾಕ್ಸ್ ಕಾಲಂನಲ್ಲಿ (12) ಅಂತ ಹೊಡೆದೆ. ಎಂಟರ್ ಒತ್ತಿದ ತಕ್ಷಣ -12 ಆಯ್ತು! ನಾಲ್ಕು ದಿನದ ಲೆಕ್ಕ ಹೀಗೇ ಆಗಿದೆ, ಮೊತ್ತ ಪೂರ್ತಿ ಮೈನಸ್.

ಇನ್ನೊಂದು ತೊಂದರೆ. ಒಬ್ಬರದು 120 ಬಾಕ್ಸ್, ಅದರಲ್ಲಿ 8 ಕೊಳೆತಿತ್ತು ಅಂತ ತೆಗೆದೆವು, ಬಾಕ್ಸಿಗೆ 450 ರೂಪಾಯಿ. 120 - 8 × 450 ಅಂತ ಸೂತ್ರ ಹಾಕಿದರೆ -3,480 ಬರ್ತಿದೆ. ರೈತರೇ ನಮಗೆ ದುಡ್ಡು ಕೊಡಬೇಕು ಅನ್ನೋ ಹಾಗೆ! ಕಂಪ್ಯೂಟರ್ ಕೆಟ್ಟಿದೆಯಾ?

ಚಿಂತಾಮಣಿ_ಅಕೌಂಟ್ಸ್:
ಕೆಟ್ಟಿಲ್ಲ ಅಣ್ಣ. ಎರಡೂ ಬ್ರಾಕೆಟ್‌ದೇ ಸಮಸ್ಯೆ. ಒಂದು ಕಡೆ ಬೇಡದಿದ್ದರೂ ಹಾಕಿದ್ದೀರಿ, ಇನ್ನೊಂದು ಕಡೆ ಬೇಕಾಗಿದ್ದರೂ ಬಿಟ್ಟಿದ್ದೀರಿ.

ಅಕೌಂಟ್ಸ್‌ನಲ್ಲಿ ನಷ್ಟವನ್ನ, ಕಡಿಮೆ ಬಿದ್ದ ಹಣವನ್ನ ಬ್ರಾಕೆಟ್ ಒಳಗೆ ಬರೆಯುವ ಪದ್ಧತಿ ಇದೆ. ಕಂಪನಿಗಳ ವಾರ್ಷಿಕ ಲೆಕ್ಕಪತ್ರ ತೆಗೆದು ನೋಡಿ, ನಷ್ಟದ ಮುಂದೆ ಮೈನಸ್ ಇರಲ್ಲ, ಬ್ರಾಕೆಟ್ ಇರುತ್ತೆ. ಎಕ್ಸೆಲ್ ಆ ಪದ್ಧತಿ ಹಿಡಿದುಕೊಂಡಿದೆ. ಹಾಗಾಗಿ ಬರೀ ಸಂಖ್ಯೆಯನ್ನ ಬ್ರಾಕೆಟ್‌ನಲ್ಲಿ ಕೊಟ್ಟರೆ ಮೈನಸ್ ಅಂತಲೇ ಓದುತ್ತೆ. ನಿಮ್ಮ ಪುಸ್ತಕದಲ್ಲಿ ಬ್ರಾಕೆಟ್ ಅಂದರೆ 'ಇದು ಬೇರೆ ಲೆಕ್ಕ' ಅಂತ, ಅದಕ್ಕೆ ಅದು ಹೇಗೆ ಗೊತ್ತಾಗಬೇಕು?

ಸರಿ ಮಾಡೋಕೆ ಮೊದಲು ಫೈಲಿನ ಒಂದು ಕಾಪಿ ಇಟ್ಟುಕೊಳ್ಳಿ. ಖಾಲಿ ಸೆಲ್ ಒಂದರಲ್ಲಿ -1 ಹೊಡೆದು ಅದನ್ನ ಕಾಪಿ ಮಾಡಿ, ಕೆಟ್ಟ ಸಂಖ್ಯೆಗಳನ್ನೆಲ್ಲ ಸೆಲೆಕ್ಟ್ ಮಾಡಿ, ಪೇಸ್ಟ್ ಸ್ಪೆಷಲ್‌ಗೆ ಹೋಗಿ ಮಲ್ಟಿಪ್ಲೈ ಕೊಡಿ. ಎಲ್ಲ ಪ್ಲಸ್ ಆಗುತ್ತೆ. ಆದರೆ ಮಧ್ಯೆ ಎಲ್ಲಾದರೂ ಬ್ರಾಕೆಟ್ ಇಲ್ಲದೆ ಹೊಡೆದಿದ್ದರೆ ಅದು ಮೈನಸ್ ಆಗಿಬಿಡುತ್ತೆ, ಒಮ್ಮೆ ಕಣ್ಣಾಡಿಸಿ.

ಮುಂದಕ್ಕೆ ಸುಮ್ನೆ 12 ಅಂತ ಹೊಡೆಯಿರಿ. ಸೆಲ್ಲನ್ನ ಟೆಕ್ಸ್ಟ್ ಮಾಡಿಕೊಳ್ಳಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಬ್ರಾಕೆಟ್ ಹಾಗೇ ಉಳಿಯುತ್ತೆ ನಿಜ, ಆದರೆ ಸಮ್ ಹಾಕಿದಾಗ ಆ ಸಂಖ್ಯೆಗಳನ್ನ ಲೆಕ್ಕಕ್ಕೇ ತೆಗೆದುಕೊಳ್ಳಲ್ಲ. ನೋಡೋಕೆ ಬ್ರಾಕೆಟ್ ಬೇಕೇ ಬೇಕು ಅಂದರೆ ಫಾರ್ಮ್ಯಾಟ್ ಸೆಲ್ಸ್‌ನಲ್ಲಿ ಕಸ್ಟಮ್ ಆರಿಸಿ (0) ಅಂತ ಕೊಡಿ. ಹೊಡೆಯೋದು 12, ಕಾಣೋದು (12), ಒಳಗೆ ಇರೋದು ಪ್ಲಸ್ 12.

ತುಮಕೂರು_ಮೇಷ್ಟ್ರು:
ಎರಡನೇದಕ್ಕೆ ನಾನು ಹೇಳ್ತೀನಿ, ಇದನ್ನ ಮಕ್ಕಳಿಗೆ ಪ್ರತಿ ವರ್ಷ ಹೇಳಬೇಕಾಗುತ್ತೆ. ಕಳೆಯೋದಕ್ಕಿಂತ ಮೊದಲು ಗುಣಿಸಬೇಕು ಅನ್ನೋದು ನಿಯಮ. ಅದು 8 × 450 = 3,600 ಮಾಡಿ, ಆಮೇಲೆ 120ರಿಂದ ಕಳೆದಿದೆ. ನಿಮಗೆ ಬೇಕಾಗಿದ್ದು (120 - 8) × 450, ಅಂದರೆ 112 ಬಾಕ್ಸಿಗೆ 50,400 ರೂಪಾಯಿ. 'ಇದನ್ನ ಮೊದಲು ಮಾಡು' ಅಂತ ಹೇಳೋಕೆ ಗಣಿತದಲ್ಲಿ ಇರೋದು ಆವರಣ ಒಂದೇ.

ರಸಾಯನಶಾಸ್ತ್ರದಲ್ಲೂ ಹೀಗೇ. ಗೋಡೆಗೆ ಬಳಿಯೋ ಅರಳಿದ ಸುಣ್ಣದ ಸೂತ್ರದಲ್ಲಿ ಆಮ್ಲಜನಕ, ಜಲಜನಕ ಎರಡನ್ನೂ ಆವರಣದೊಳಗೆ ಇಟ್ಟು ಹೊರಗೆ ಕೆಳಗಡೆ 2 ಬರೆಯುತ್ತೇವೆ. ಎರಡೂ ಎರಡೆರಡು ಅಂತ ಅರ್ಥ. ಆವರಣ ಬಿಟ್ಟರೆ ಆ 2 ಜಲಜನಕಕ್ಕೆ ಮಾತ್ರ ಸೇರುತ್ತೆ. ವಸ್ತುವೇ ಬೇರೆ ಆಯ್ತು ಅಲ್ವಾ?

ಕೋಲಾರ_ಲೆಕ್ಕ:
50,400 ಬಂತು ಮೇಷ್ಟ್ರೇ! ಮೈನಸ್‌ಗಳೂ ಸರಿಯಾದವು, ಎರಡು ಸೆಲ್ ಮಾತ್ರ ಬ್ರಾಕೆಟ್ ಇಲ್ಲದೆ ಹೊಡೆದಿದ್ದೆ, ಅವನ್ನ ಕೈಯಲ್ಲಿ ತಿದ್ದಿದೆ. ಇನ್ನೊಂದು ಕೇಳಲಾ? ರೈತರಿಗೆ ವಾಟ್ಸಾಪ್‌ನಲ್ಲಿ ರೇಟು ಕಳಿಸ್ತೀವಿ. 'ಇವತ್ತು 15 ಕೆಜಿ ಬಾಕ್ಸ್ (ದಪ್ಪ ಹಣ್ಣು)ಗೆ 450' ಅಂತ. ಓದೋಕೆ ಏನೋ ತೊಡಕು ಅನ್ನಿಸುತ್ತೆ.

ತುಮಕೂರು_ಮೇಷ್ಟ್ರು:
ಆ 'ಗೆ' ಒಂಟಿಯಾಗಿ ಹೊರಗೆ ನಿಂತಿದೆ, ಅದೇ ತೊಡಕು. ನಮ್ಮ ಕನ್ನಡದಲ್ಲಿ ವಿಭಕ್ತಿ ಪದಕ್ಕೇ ಅಂಟಿಕೊಳ್ಳಬೇಕು. 'ಬಾಕ್ಸಿಗೆ (ದಪ್ಪ ಹಣ್ಣು) 450' ಅಂತ ಬರೆಯಿರಿ. ಬರವಣಿಗೆಯ ಆವರಣಕ್ಕೆ ನಾನು ನೋಡೋದು ಇಷ್ಟೇ. ಆವರಣವನ್ನೂ ಒಳಗಿರೋದನ್ನೂ ಬೆರಳಿಂದ ಮುಚ್ಚಿ ಓದಬೇಕು, ಉಳಿದ ವಾಕ್ಯ ತಾನಾಗಿ ನಿಲ್ಲಬೇಕು. ನಿಮ್ಮದು ಮುಚ್ಚಿದರೆ 'ಬಾಕ್ಸ್ ಗೆ 450' ಅಂತ ಮುರಿದು ಬೀಳುತ್ತೆ. ಲೆಕ್ಕದ ಆವರಣವನ್ನ ಹೀಗೆ ಮುಚ್ಚೋಕೆ ಆಗಲ್ಲ, ಮುಚ್ಚಿದರೆ ಮೊತ್ತವೇ ಹೋಗುತ್ತೆ.

ಪೂರ್ಣವಿರಾಮವೂ ಅಷ್ಟೇ. ಆವರಣ ವಾಕ್ಯದ ತುಂಡಾಗಿದ್ದರೆ ಚುಕ್ಕಿ ಹೊರಗೆ. ಪೂರ್ತಿ ವಾಕ್ಯವೇ ಒಳಗಿದ್ದರೆ ಚುಕ್ಕಿಯೂ ಒಳಗೆ.

ಚಿಂತಾಮಣಿ_ಅಕೌಂಟ್ಸ್:
ಒಂದು ಸೇರಿಸ್ತೀನಿ. ರೈತರಿಗೆ ಕೊಡೋ ಚೀಟಿಯಲ್ಲಿ ಮಾತ್ರ ಬ್ರಾಕೆಟ್ ಬಿಡಬೇಡಿ: ₹50,400 (ಐವತ್ತು ಸಾವಿರದ ನಾನೂರು ರೂಪಾಯಿ ಮಾತ್ರ). ಅಂಕಿಗೆ ಸೊನ್ನೆ ಸೇರಿಸೋದು ಸುಲಭ, ಅಕ್ಷರ ತಿದ್ದೋದು ಕಷ್ಟ.

ಕೋಲಾರ_ಲೆಕ್ಕ:
ಚೀಟಿ ಬದಲಾಯಿಸಿದೆ ಅಣ್ಣ. ನಾಳೆ ಬೆಳಗ್ಗೆ ಹರಾಜಿಗೆ ಮೊದಲು ಹಳೇ ನಾಲ್ಕು ದಿನದ್ದನ್ನೂ ಪುಸ್ತಕದ ಜೊತೆ ತಾಳೆ ನೋಡ್ತೀನಿ. ಇಬ್ಬರಿಗೂ ತುಂಬಾ ಥ್ಯಾಂಕ್ಸ್.