ಫಾರ್ಮುಲಾ 1, ಲಾಸ್ ವೇಗಸ್: 0.12 ಮಿ.ಮೀ. ಹೆಚ್ಚು ಸವೆತಕ್ಕೆ ಎರಡನೇ ಸ್ಥಾನ ಹೋಯ್ತು. ಹಲಗೆ ನಿಯಮ ಇಷ್ಟು ಬಿಗಿ ಯಾಕೆ?

ತಿರುವು_17 ಕೇಳಿದ್ದು:

2025ರ ಲಾಸ್ ವೇಗಸ್ ಫಾರ್ಮುಲಾ 1 ರೇಸ್ ಮುಗಿದು ಕೆಲವೇ ಗಂಟೆಗಳಲ್ಲಿ ಮೆಕ್ಲಾರೆನ್‌ನ ಎರಡೂ ಕಾರುಗಳನ್ನು ಡಿಸ್‌ಕ್ವಾಲಿಫೈ ಮಾಡಿದರು. ಎರಡನೇ ಬಂದಿದ್ದ ನಾರಿಸ್ ಕಾರಿನ ತಳಕ್ಕೆ ಕಟ್ಟಿದ ಹಲಗೆಯ ದಪ್ಪ ಬಲ ಮುಂಭಾಗದಲ್ಲಿ 8.88 ಮಿ.ಮೀ., ಬಲ ಹಿಂಭಾಗದಲ್ಲಿ 8.93. ನಾಲ್ಕನೇ ಬಂದಿದ್ದ ಪಿಯಾಸ್ಟ್ರಿಯದ್ದು ತೀರಾ ಸವೆದ ಕಡೆ 8.74. ಇರಬೇಕಾದದ್ದು 9. ನಾರಿಸ್ ಲೆಕ್ಕದಲ್ಲಿ ಕಮ್ಮಿ ಬಿದ್ದದ್ದು 0.12, ಅಂದ್ರೆ ಹೆಚ್ಚುಕಮ್ಮಿ ಒಂದು ಕಾಗದದ ಹಾಳೆಯಷ್ಟು. ಅದಕ್ಕೆ ಹೋದದ್ದು 18 ಪಾಯಿಂಟ್, ಪಿಯಾಸ್ಟ್ರಿಗೆ 12.

ಗೊತ್ತಿರೋರು ಸ್ವಲ್ಪ ಬಿಡಿಸಿ ಹೇಳಿ. ಐದು ಸೆಕೆಂಡು, ಹತ್ತು ಸೆಕೆಂಡು ಅಂತ ದಂಡ ಹಾಕಿ ಬಿಡಬಹುದಿತ್ತಲ್ಲ? ಇಷ್ಟು ಅಪಾಯ ಇದ್ರೆ ಟೀಮುಗಳು ಕಾರನ್ನು ಒಂದು ಮಿಲಿಮೀಟರ್ ಎತ್ತರ ಇಟ್ಕೊಂಡು ಓಡಿಸೋಕೆ ಏನು ಕಷ್ಟ? ಕಾರಿನ ತುಂಬ ಸೆನ್ಸರ್ ಇರೋವಾಗ ಈ ಕಾಲದಲ್ಲೂ ಹಲಗೆ ಅಳೆದು ತೀರ್ಮಾನ ಮಾಡೋದ್ಯಾಕೆ?

---

ತಳಮಟ್ಟ:

ಹಲಗೆ ಎಷ್ಟು ಸವೆಯಿತು ಅನ್ನೋದು ನಿಯಮ ಮಾಡೋ ಸಂಸ್ಥೆ ಎಫ್‌ಐಎಗೆ ಮುಖ್ಯ ಅಲ್ಲ. ಕಾರು ನೆಲಕ್ಕೆ ಎಷ್ಟು ಹತ್ತಿರ ಓಡಿತು ಅನ್ನೋದು ಮುಖ್ಯ. ಅದನ್ನು ಓಡುವಾಗ ಅಳೆಯೋದು ಕಷ್ಟ, ಹಾಗಾಗಿ ಕಾರಿನ ಹೊಟ್ಟೆಗೆ ಒಂದು ಹಲಗೆ ಕಟ್ಟಿ, ಅದರ ದಪ್ಪವನ್ನು ರೇಸ್ ಆದ ಮೇಲೆ ನೋಡ್ತಾರೆ.

ನಿಯಮ ಹೀಗಿದೆ: ಹೊಸ ಹಲಗೆ 10 ಮಿ.ಮೀ. ದಪ್ಪ, 0.2 ಆಚೀಚೆ ಇರಬಹುದು. ಸವೆದ ಮೇಲೂ ಕನಿಷ್ಠ 9 ಉಳಿಯಬೇಕು. ಅಳತೆ ತೆಗೆಯೋದು ಎಲ್ಲೆಂದರಲ್ಲಿ ಅಲ್ಲ, ಹಲಗೆಯಲ್ಲಿ ಗೊತ್ತುಪಡಿಸಿದ ತೂತುಗಳ ಅಂಚಿನಲ್ಲಿ ಮಾತ್ರ. ಮೊದಲು ಇದನ್ನು ಬೀಚ್ ಮರದ ಪದರಗಳನ್ನು ರಾಳದಲ್ಲಿ ಒತ್ತಿ ಮಾಡ್ತಿದ್ದರು, ಈಗ ಗ್ಲಾಸ್ ಫೈಬರಿನ ಪದರಗಳು ಬಂದಿವೆ. ಹಲಗೆಯ ಮಧ್ಯೆ ಮಧ್ಯೆ ನೆಲಕ್ಕೆ ಉಜ್ಜೋ ಲೋಹದ ತುಂಡುಗಳನ್ನು (ಸ್ಕಿಡ್) ಕೂರಿಸಿರ್ತಾರೆ. 2015ರಿಂದ ಅದು ಟೈಟಾನಿಯಂ. ಅದಕ್ಕೂ ಮುಂಚೆ ಇದ್ದ ಭಾರದ ಲೋಹ ಕಿತ್ತು ಹಾರಿದರೆ ಅಪಾಯ ಅಂತ ಬದಲಾಯಿಸಿದರು. ಟೈಟಾನಿಯಂ ಬೇಗ ಸವೆಯತ್ತೆ, ರಾತ್ರಿ ರೇಸಲ್ಲಿ ಕಾಣೋ ಕಿಡಿಮಳೆ ಅದರದ್ದೇ.

ಒಂದು ಮಿಲಿಮೀಟರ್ ಎತ್ತರ ಇಟ್ಟರೇನು ಅಂದ್ರಲ್ಲ, 2022ರಿಂದ 2025ರವರೆಗಿನ ಕಾರುಗಳಿಗೆ ಅದೇ ಅತಿ ದುಬಾರಿ ಮಿಲಿಮೀಟರ್. ಈ ಕಾರುಗಳ ಡೌನ್‌ಫೋರ್ಸ್‌ನ (ಗಾಳಿ ಕಾರನ್ನು ನೆಲಕ್ಕೆ ಒತ್ತೋ ಬಲ) ದೊಡ್ಡ ಪಾಲು ಬರೋದು ತಳದ ವೆಂಚುರಿ ಸುರಂಗಗಳಿಂದ. ತಳ ನೆಲಕ್ಕೆ ಹತ್ತಿರ ಬಂದಷ್ಟೂ ಗಾಳಿ ಹಾಯೋ ಸಂದು ಕಿರಿದಾಗಿ, ಗಾಳಿ ಜೋರಾಗಿ, ಒತ್ತಡ ಇಳಿದು, ಕಾರನ್ನು ಇನ್ನಷ್ಟು ಕೆಳಗೆ ಎಳೆಯತ್ತೆ. ತೀರಾ ಹತ್ತಿರ ಬಂದರೆ ಹರಿವು ಕಟ್ಟಿಕೊಂಡು ಎಳೆತ ತಟ್ಟನೆ ಬಿಟ್ಟುಹೋಗಿ ಕಾರು ಮೇಲೆದ್ದು ಮತ್ತೆ ಬೀಳತ್ತೆ. ಪೋರ್ಪಾಯ್ಸಿಂಗ್ ಅಂದ್ರೆ ಇದೇ. ಎಲ್ಲರೂ ಸೆಟಪ್ (ಕಾರಿನ ಎತ್ತರ, ಸ್ಪ್ರಿಂಗ್ ಇತ್ಯಾದಿಯ ಹೊಂದಾಣಿಕೆ) ಹುಡುಕೋದು ಈ ಅಂಚಿನಿಂದ ಕೂದಲೆಳೆ ಈಚೆ.

ದಂಡದ ವಿಷಯ: ತಾಂತ್ರಿಕ ನಿಯಮ ಮೀರಿದರೆ ಎಷ್ಟು ಮೀರಿದ್ದು, ಬೇಕಂತ ಮೀರಿದ್ದಾ ಅನ್ನೋ ಪ್ರಶ್ನೆ ಬರಲ್ಲ. 2024ರಲ್ಲಿ ಬೆಲ್ಜಿಯಂನ ಸ್ಪಾದಲ್ಲಿ ಗೆದ್ದಿದ್ದ ರಸೆಲ್ ಕಾರು 1.5 ಕೆ.ಜಿ. ಹಗುರ ಇತ್ತು ಅಂತ ಗೆಲುವೇ ಹೋಯ್ತು. ಅದೇ ಲೆಕ್ಕ ಇಲ್ಲೂ. "0.1 ಕಡಿಮೆಯಾದರೆ ಐದು ಸೆಕೆಂಡು" ಅಂತ ದರಪಟ್ಟಿ ಹಾಕಿದ ಮರುದಿನವೇ ಆ ಐದು ಸೆಕೆಂಡು ಕೊಟ್ಟು 0.1 ಕೊಂಡುಕೊಳ್ಳೋದು ಲಾಭವಾ ಅಂತ ಸಿಮ್ಯುಲೇಟರ್ ಮುಂದೆ ಕೂರೋ ಜನ ಇವರು.

---

ಆರು_ಸೆಂಟಿಮೀಟರ್:

ಸೆನ್ಸರ್ ಬಿಟ್ಟು ಹಲಗೆ ಯಾಕೆ ಅನ್ನೋದಕ್ಕೆ ಉತ್ತರ 1981ರಲ್ಲಿದೆ.

ಆ ವರ್ಷ ಕಾರಿನ ಪಕ್ಕದಲ್ಲಿ ನೆಲದವರೆಗೆ ಇಳಿದು ತಳದ ಗಾಳಿ ತಡೆಯೋ ಜಾರು ಸ್ಕರ್ಟ್‌ಗಳನ್ನು ನಿಷೇಧಿಸಿ, ಕಾರಿನ ತಳ ನೆಲದಿಂದ 6 ಸೆಂ.ಮೀ. ಮೇಲಿರಬೇಕು ಅಂದರು. ಉದ್ದೇಶ ಸರಿ. ಆದರೆ ಅಳೆಯುತ್ತಿದ್ದದ್ದು ಕಾರು ಪಿಟ್‌ನಲ್ಲಿ (ಟ್ರ್ಯಾಕ್ ಪಕ್ಕದ ಗ್ಯಾರೇಜಿನ ಜಾಗ) ನಿಂತಾಗ. ಬ್ರಾಬಮ್ ಟೀಮಿನ ವಿನ್ಯಾಸಕಾರ ಗಾರ್ಡನ್ ಮರ್ರಿ ಬಿಟಿ49ಸಿ ಕಾರಿಗೆ ಹೈಡ್ರೋನ್ಯೂಮ್ಯಾಟಿಕ್ (ದ್ರವ, ಗಾಳಿಯಿಂದ ಕೆಲಸ ಮಾಡೋ) ಸಸ್ಪೆನ್ಷನ್ ಕೂರಿಸಿದರು. ವೇಗ ಏರಿದ ಹಾಗೆ ಡೌನ್‌ಫೋರ್ಸ್ ಕಾರನ್ನು ಕೆಳಗೆ ಒತ್ತತ್ತೆ, ದ್ರವ ಸಣ್ಣ ಕಿಂಡಿಯಿಂದ ಹೊರಗೆ ಹರಿಯತ್ತೆ, ವಾಪಸ್ ಬರೋದು ನಿಧಾನ. ಹಾಗಾಗಿ ಕಾರು ರೇಸಿನುದ್ದಕ್ಕೂ ನೆಲ ಕಚ್ಚಿಯೇ ಇರತ್ತೆ. ಕೊನೆಗೆ ನಿಧಾನವಾಗಿ ಪಿಟ್‌ಗೆ ಬರೋ ಲ್ಯಾಪಲ್ಲಿ ಮೆಲ್ಲಗೆ ಎದ್ದು, ಅಳೆಯೋ ಜಾಗಕ್ಕೆ ಬಂದಾಗ ಸರಿಯಾಗಿ 6 ಸೆಂ.ಮೀ. ತೋರಿಸತ್ತೆ. ಉಳಿದವರು ಸ್ವಲ್ಪ ಕೂಗಾಡಿದರು, ಆಮೇಲೆ ಕಾಕ್‌ಪಿಟ್‌ನಲ್ಲಿ ಲಿವರ್ ಇಟ್ಟು ಕಾರು ಏರಿಸಿ ಇಳಿಸೋಕೆ ಶುರು ಮಾಡಿದರು. ಆ ಸಲ ಬ್ರಾಬಮ್ ಓಡಿಸಿದ ಪಿಕೆಟ್ ಚಾಂಪಿಯನ್. 1982ಕ್ಕೆ ಆ ನಿಯಮವನ್ನೇ ಕೈಬಿಟ್ಟರು, 1983ಕ್ಕೆ ಚಪ್ಪಟೆ ತಳ ಕಡ್ಡಾಯ ಮಾಡಿದರು.

ಹಲಗೆ ಬಂದದ್ದು 1994ರ ಜರ್ಮನ್ ಗ್ರ್ಯಾನ್ ಪ್ರೀಯಿಂದ, ಇಮೋಲಾದಲ್ಲಿ ರಾಟ್ಜೆನ್‌ಬರ್ಗರ್ ಮತ್ತು ಸೆನ್ನಾ ಸತ್ತ ಮೇಲೆ ಆತುರದಲ್ಲಿ ಮಾಡಿದ ಬದಲಾವಣೆಗಳ ಭಾಗವಾಗಿ. ಆತುರದ ನಿಯಮ ಅಂದರೂ ಯೋಚನೆ ಜಾಣತನದ್ದು. ನಿಂತ ಕಾರನ್ನು ಅಳೆಯೋ ಟೇಪು ಆ ಒಂದು ಕ್ಷಣವನ್ನಷ್ಟೇ ನೋಡತ್ತೆ. ಹಲಗೆಯ ಮೇಲೆ ಇಡೀ 300 ಕಿ.ಮೀ. ದಾಖಲಾಗಿರತ್ತೆ. ಪಿಟ್‌ಗೆ ಬಂದು ಎದ್ದು ನಿಂತರೆ ಸವೆದದ್ದು ವಾಪಸ್ ಬರಲ್ಲ. ಜಾರಿಗೆ ಬಂದ ಮುಂದಿನ ತಿಂಗಳೇ ಸ್ಪಾದಲ್ಲಿ ಮೊದಲು ಬಂದ ಶೂಮಾಕರ್ ಇದಕ್ಕೇ ಹೊರಬಿದ್ದರು. ಕಾರು ಸ್ಪಿನ್ ಆಗಿ ಕರ್ಬ್ (ಟ್ರ್ಯಾಕ್ ಅಂಚಿನ ಉಬ್ಬುಕಟ್ಟೆ) ಮೇಲೆ ಹೋದಾಗ ಸವೆಯಿತು ಅಂತ ಅವರ ಟೀಮು ಬೆನೆಟನ್ ವಾದಿಸಿತು, ನಡೆಯಲಿಲ್ಲ.

ಸೆನ್ಸರ್ ನಂಬಿದರೆ ಏನಾಗತ್ತೆ ಅಂತಲೂ ನೋಡಿದ್ದೇವೆ. 2014ರಲ್ಲಿ ಇಂಧನದ ಹರಿವು ಗಂಟೆಗೆ 100 ಕೆ.ಜಿ. ಮೀರಬಾರದು ಅಂದರು. ಮೊದಲ ರೇಸಲ್ಲೇ, ಮೆಲ್ಬರ್ನ್‌ನಲ್ಲಿ, ಎಫ್‌ಐಎ ಮೀಟರ್ ತಪ್ಪು ತೋರಿಸ್ತಿದೆ, ನಮ್ಮ ಇಂಜೆಕ್ಟರ್ ಲೆಕ್ಕ ಸರಿ ಅಂತ ರೆಡ್ ಬುಲ್ ಹಟ ಹಿಡಿಯಿತು. ಎರಡನೇ ಬಂದಿದ್ದ ರಿಕಾರ್ಡೊ ಹೆಸರು ಪಟ್ಟಿಯಿಂದ ಹೋಯ್ತು, ಏಪ್ರಿಲ್‌ವರೆಗೂ ಮೇಲ್ಮನವಿ ಎಳೆಯಿತು, ಅದೂ ಬಿದ್ದುಹೋಯ್ತು. ಗ್ಲಾಸ್ ಫೈಬರ್ ಹಲಗೆಗೆ ಕ್ಯಾಲಿಬ್ರೇಷನ್ ತಪ್ಪಿದೆ ಅಂತ ಯಾರೂ ವಾದ ಮಾಡೋಕಾಗಲ್ಲ.

---

ಸ್ಪ್ರಿಂಗ್_ರೇಟ್:

ಇಬ್ಬರೂ ಹೇಳಿದ್ದು ಸರಿ. ಗ್ಯಾರೇಜಿನ ಕಡೆಯಿಂದ ನೋಡಿದರೆ ಸಮಸ್ಯೆ ಬೇರೆ: ಸವೆತವನ್ನು ಮುಂಚಿತವಾಗಿ ಲೆಕ್ಕ ಹಾಕೋದು.

2025ರವರೆಗೆ ರೇಸ್ ಶುರುವಾದಾಗ ಟ್ಯಾಂಕಲ್ಲಿ 100 ಕೆ.ಜಿ. ಆಸುಪಾಸು ಇಂಧನ ಇರ್ತಿತ್ತು (ಮಿತಿ 110), ಹೊರಡೋ ಕ್ರಮ ತೀರ್ಮಾನಿಸೋ ಕ್ವಾಲಿಫೈಯಿಂಗ್‌ನಲ್ಲಿ ಕೆಲವೇ ಕೆ.ಜಿ. 100 ಕೆ.ಜಿ. ಅಂದ್ರೆ 981 ನ್ಯೂಟನ್, ಮುಂದೆ ಹಿಂದೆ ಸಮ ಹಂಚಿದರೆ ಆಕ್ಸಲ್‌ಗೆ 490. ಟೈರೂ ಸ್ಪ್ರಿಂಗೂ ಸೇರಿ ಆಕ್ಸಲ್‌ನ ಗಡಸುತನ ಮಿ.ಮೀ.ಗೆ 250 ನ್ಯೂಟನ್ ಅಂತ ಲೆಕ್ಕಕ್ಕೆ ಇಟ್ಕೊಳ್ಳಿ. ಬರೀ ಇಂಧನದಿಂದಲೇ ಕಾರು 2 ಮಿ.ಮೀ. ಕೂರತ್ತೆ. ಟೈರ್ ಸವೆದ ಹಾಗೆ ತ್ರಿಜ್ಯ ಕಮ್ಮಿಯಾಗಿ ಇನ್ನಷ್ಟು ಇಳಿಯತ್ತೆ. ಎಲ್ಲರನ್ನೂ ನಿಧಾನ ಮಾಡಿಸೋ ಸೇಫ್ಟಿ ಕಾರ್ ಬಂದರೆ ಟೈರ್ ತಣ್ಣಗಾಗಿ ಗಾಳಿಯ ಒತ್ತಡ ಬಿದ್ದು ಮತ್ತಷ್ಟು. ಒಟ್ಟು ಸವೆಯೋಕೆ ಅವಕಾಶ ಇರೋದು 1 ಮಿ.ಮೀ.

ಹಾಗಾಗಿ ಶುಕ್ರವಾರ ಭಾರೀ ಇಂಧನ ತುಂಬಿ ಒಣ ಟ್ರ್ಯಾಕಲ್ಲಿ ಲಾಂಗ್ ರನ್ (ಸತತ ಹಲವು ಲ್ಯಾಪಿನ ಓಟ) ಮಾಡ್ತಾರೆ, ಕಾರು ಬಂದ ಕೂಡಲೇ ಅದೇ ತೂತುಗಳ ಬಳಿ ದಪ್ಪ ಅಳೀತಾರೆ, ಲ್ಯಾಪಿಗೆ ಎಷ್ಟು ಹೋಯ್ತು ಅಂತ ನೋಡಿ ಪೂರ್ತಿ ರೇಸಿಗೆ ಗುಣಿಸ್ತಾರೆ. ಗುಣಾಕಾರ ನೇರ ಅಲ್ಲ ಅನ್ನೋದೇ ತೊಂದರೆ. ಎತ್ತರ ಒಂದಿಷ್ಟು ಇಳಿದರೂ ನೆಲಕ್ಕೆ ತಾಗೋ ಸಲಗಳೂ ಹೆಚ್ಚತ್ತೆ, ಪ್ರತಿ ಸಲದ ಒತ್ತಡವೂ ಹೆಚ್ಚತ್ತೆ. ಮಧ್ಯೆ ಪೋರ್ಪಾಯ್ಸಿಂಗ್ ಶುರುವಾದರೆ ಲೆಕ್ಕವೇ ಕೈತಪ್ಪತ್ತೆ.

ವೇಗಸ್‌ನಲ್ಲಿ ಆದದ್ದು ಇದೇ. ಎರಡನೇ ಅಭ್ಯಾಸ ಟ್ರ್ಯಾಕಿನ ಸಡಿಲ ಮ್ಯಾನ್‌ಹೋಲ್ ಮುಚ್ಚಳದ ಗಲಾಟೆಯಲ್ಲಿ ಹೋಯ್ತು, ಆಮೇಲೆ ಮಳೆ. ಒಣ ಟ್ರ್ಯಾಕಿನ ಲಾಂಗ್ ರನ್ ಮಾಹಿತಿ ಸಿಗಲಿಲ್ಲ, ರೇಸಲ್ಲಿ ಎಣಿಸದಷ್ಟು ಪೋರ್ಪಾಯ್ಸಿಂಗ್ ಬಂತು. 2023ರ ಆಸ್ಟಿನ್‌ನಲ್ಲೂ ಇಂಥದ್ದೇ: ಸ್ಪ್ರಿಂಟ್ (ಮುಖ್ಯ ರೇಸಿಗೆ ಮುಂಚಿನ ಕಿರು ರೇಸ್) ಇದ್ದ ವಾರಾಂತ್ಯ, ಒಂದೇ ಅಭ್ಯಾಸ, ಅದಾದ ಮೇಲೆ ಸೆಟಪ್‌ಗೆ ಬೀಗ, ಉಬ್ಬುತಗ್ಗಿನ ಟ್ರ್ಯಾಕ್. ಎರಡನೇ ಬಂದ ಹ್ಯಾಮಿಲ್ಟನ್, ಆರನೇ ಬಂದ ಲೆಕ್ಲೇರ್ ಇಬ್ಬರೂ ಹೋದರು. ಅಲ್ಲಿ ಹಲಗೆ ಪರೀಕ್ಷಿಸಿದ್ದು ನಾಲ್ಕೇ ಕಾರುಗಳದ್ದು, ಎರಡು ಫೇಲು. ಉಳಿದವರ ಹಲಗೆ ಹೇಗಿತ್ತು ಅಂತ ಯಾರಿಗೂ ಗೊತ್ತಾಗಲಿಲ್ಲ. ಈ ನಿಯಮದಲ್ಲಿ ನನಗೆ ಅನ್ಯಾಯ ಅನ್ನಿಸೋ ಭಾಗ ಇದೊಂದೇ. 2024ರಿಂದ ಸ್ಪ್ರಿಂಟ್ ಆದ ಮೇಲೆ ಸೆಟಪ್ ಬದಲಿಸೋಕೆ ಬಿಟ್ಟರು. ಹಾಗೆ ಬಿಟ್ಟ ಮೇಲೂ 2025ರ ಚೀನಾದಲ್ಲಿ ಫೆರಾರಿ ಲೆಕ್ಕ ತಪ್ಪಿ ಹ್ಯಾಮಿಲ್ಟನ್ ಹಲಗೆ 8.5ಕ್ಕೆ ಇಳಿದಿತ್ತು.

---

ತಿರುವು_17:

ವೇಗಸ್ ಟ್ರ್ಯಾಕ್ ಅಪ್ರದಕ್ಷಿಣ, ಎಡಕ್ಕೆ ತಿರುಗೋವಾಗ ಕಾರು ಬಲಕ್ಕೆ ವಾಲತ್ತೆ. ಬಲಭಾಗ ಹೆಚ್ಚು ಸವೆದದ್ದು ಅದಕ್ಕಾ? ಇನ್ನೊಂದು, ರೇಸ್ ನಡೀತಿರೋವಾಗ ಹಲಗೆ ಸವೀತಿದೆ ಅಂತ ಗೊತ್ತಾದರೆ ಏನಾದ್ರೂ ಮಾಡಬಹುದಾ?

---

ತಳಮಟ್ಟ:

ಬಲಭಾಗದ ಬಗ್ಗೆ ಅಷ್ಟು ಸುಲಭವಾಗಿ ಹೇಳೋಕಾಗಲ್ಲ. ಚೀನಾ ರೇಸ್ ನಡೆಯೋ ಶಾಂಘೈ ಪ್ರದಕ್ಷಿಣದ ಟ್ರ್ಯಾಕು, ಅಲ್ಲೂ ಹ್ಯಾಮಿಲ್ಟನ್ ಕಾರಿನ ಎಡಭಾಗ, ಮಧ್ಯ ಎರಡೂ 8.6, ಬಲ 8.5. ವೇಗದ ತಿರುವು ಎತ್ತ ಕಡೆ, ಉಬ್ಬು ಯಾವ ಸಾಲಲ್ಲಿ, ಕರ್ಬ್ ಎಷ್ಟು ತಿಂದರು, ಎಲ್ಲ ಸೇರತ್ತೆ.

ಮಾಡಬಹುದಾದದ್ದು ಡ್ರೈವರ್ ಕಾಲಲ್ಲಿದೆ. ಡೌನ್‌ಫೋರ್ಸ್ ವೇಗದ ವರ್ಗಕ್ಕೆ (ಸ್ಕ್ವೇರ್) ತಕ್ಕಂತೆ ಏರತ್ತೆ. ನೇರ ದಾರಿಯ ಕೊನೆಗೆ 320ರ ಬದಲು 300ಕ್ಕೇ ಆಕ್ಸಿಲರೇಟರ್ ಬಿಟ್ಟರೆ ಒತ್ತುಬಲ ಸುಮಾರು 12 ಪ್ರತಿಶತ ಇಳಿಯತ್ತೆ, ಕಾರು ಅಷ್ಟು ಮೇಲೇಳತ್ತೆ. ಇಂಧನ ಉಳಿಸೋಕೆ ಹೀಗೆ ಬೇಗ ಕಾಲೆತ್ತೋ "ಲಿಫ್ಟ್ ಅಂಡ್ ಕೋಸ್ಟ್" ಇದಕ್ಕೂ ಮದ್ದು. ಪಿಟ್ ಸ್ಟಾಪಲ್ಲಿ ಹೊಸ ಸೆಟ್ಟಿಗೆ ಗಾಳಿ ಒಂದಿಷ್ಟು ಜಾಸ್ತಿ ಹಾಕಿದರೂ ಸ್ವಲ್ಪ ಎತ್ತರ ಸಿಗತ್ತೆ, ಬದಲಿಗೆ ಹಿಡಿತ ಹೋಗತ್ತೆ. ಆದರೆ ಓಡುವಾಗ ಹಲಗೆಯ ದಪ್ಪ ನೇರವಾಗಿ ಕಾಣಲ್ಲ. ನೆಲದಿಂದ ಕಾರಿನ ಎತ್ತರ ಅಳೆಯೋ ಲೇಸರು, ಸಸ್ಪೆನ್ಷನ್ ಮೇಲಿನ ಭಾರ ನೋಡಿ ಅಂದಾಜು ಮಾಡಬೇಕು. ಸೆಟಪ್ ಬದಲಿಸೋದೇ ಆದರೆ ಕ್ವಾಲಿಫೈಯಿಂಗ್ ಆದ ಮೇಲೆ ಪಾರ್ಕ್ ಫರ್ಮೆ (ಸೆಟಪ್ ಬದಲಿಸಬಾರದ ಅವಧಿ) ಮುರಿದು ಎಲ್ಲರ ಹಿಂದೆ ಪಿಟ್ ಲೇನಿಂದ ಹೊರಡಬೇಕು. ಎರಡನೇ ಸಾಲಿನಲ್ಲಿ ನಿಂತವರು ಯಾರೂ ಅದಕ್ಕೆ ಒಪ್ಪಲ್ಲ.

---

ಆರು_ಸೆಂಟಿಮೀಟರ್:

ಸೆನ್ಸರ್ ಬೇಡವೇ ಬೇಡ ಅಂತ ನಾನು ಹೇಳಿದ ಹಾಗೆ ಕಾಣ್ತಿದೆ, ಅದಕ್ಕೆ ಒಂದು ತಿದ್ದುಪಡಿ. ಹಲಗೆಗೂ ಕಳ್ಳದಾರಿ ಇತ್ತು. ಅಳೆಯೋದು ತೂತಿನ ಅಂಚಲ್ಲಿ ತಾನೇ? ಆ ಜಾಗದ ಸ್ಕಿಡ್ ನೆಲಕ್ಕೆ ಬಡಿದಾಗ ಒಳಕ್ಕೆ ಸರಿಯೋ ಹಾಗೆ ಮಾಡಿದರೆ ಅಳತೆಯ ಜಾಗ ಸವೆಯಲ್ಲ, ಉಳಿದ ತಳ ಇನ್ನೂ ಕೆಳಗೆ ಓಡತ್ತೆ. ನಿಯಮದಲ್ಲಿ 2 ಮಿ.ಮೀ. ಬಾಗೋಕೆ ಬಿಟ್ಟಿದ್ದರು, ಪರೀಕ್ಷೆ ಎಲ್ಲ ಕಡೆಯ ಗಡಸುತನವನ್ನೂ ಹಿಡೀತಿರಲಿಲ್ಲ. 2022ರ ಬೆಲ್ಜಿಯನ್ ರೇಸಿಂದ ಜಾರಿಯಾದ ತಾಂತ್ರಿಕ ನಿರ್ದೇಶನ 39 ಆ ತೂತುಗಳ ಸುತ್ತಲಿನ ಗಡಸುತನವನ್ನು ಬಿಗಿ ಮಾಡಿತು. ಜೊತೆಗೆ ಕಾರು ಎಷ್ಟು ಕುಣಿಯುತ್ತೆ ಅಂತ ಆಕ್ಸಿಲರೋಮೀಟರಿಂದ ಲೆಕ್ಕ ತೆಗೆದು 100 ಕಿ.ಮೀ.ಗೆ, ಪ್ರತಿ ಕೆ.ಜಿ.ಗೆ 10 ಜೂಲ್ ಮಿತಿ ಹಾಕಿತು. ಅಂದ್ರೆ ಹಲಗೆ ಒಂದು ಕಡೆ, ಸೆನ್ಸರ್ ಒಂದು ಕಡೆ.

2023ಕ್ಕೆ ತಳದ ಅಂಚನ್ನೇ 15 ಮಿ.ಮೀ. ಎತ್ತಿಸಿದರು. ಮೊದಲು ಕೇಳಿದ್ದು 25, ಟೀಮುಗಳು ಚೌಕಾಸಿ ಮಾಡಿ 15ಕ್ಕೆ ಇಳಿಸಿದವು.

---

ಸ್ಪ್ರಿಂಗ್_ರೇಟ್:

ಆ 15 ಮಿ.ಮೀ.ನಲ್ಲಿ ಹೋದ ಡೌನ್‌ಫೋರ್ಸನ್ನು ಎಲ್ಲರೂ ವಾಪಸ್ ಗಳಿಸೋಕೆ ನೋಡಿದ್ದು ಮತ್ತೆ ಕಾರು ಇಳಿಸಿಯೇ. 2026ರ ನಿಯಮದಲ್ಲಿ ಉದ್ದದ ಸುರಂಗಗಳನ್ನು ತೆಗೆದು ತಳವನ್ನು ಹೆಚ್ಚುಕಮ್ಮಿ ಚಪ್ಪಟೆ ಮಾಡಿದ್ದರ ಹಿಂದೆ ಇದೂ ಇದೆ. ನೆಲ ಕಚ್ಚಿದರೆ ಸಿಗೋ ಲಾಭ ಕಮ್ಮಿ ಆದರೆ ಕಚ್ಚೋ ಆಸೆಯೂ ಕಮ್ಮಿ. ಅಷ್ಟಾದರೂ ಹಲಗೆ ಬಿಚ್ಚಿಲ್ಲ.